ಊರಿನ ನಡುವೆ ಕಚ್ಚಾ ತೈಲದ ರೈಲು ಹೋದರೆ ನಿಜವಾಗಲೂ ಅಷ್ಟು ಅಪಾಯವೇ?

ಹೌದು, ಸುಮ್ನೆ ಹೆದರಿಸುವ ಮಾತಲ್ಲ. ಕೆನಡಾದ ಲಾಕ್-ಮೆಗಾಂಟಿಕ್ ಊರನ್ನೇ ನೋಡಿ. 2013ರ ಜುಲೈ 5ರ ರಾತ್ರಿ 72 ಟ್ಯಾಂಕರ್‌ಗಳ ರೈಲನ್ನು ಊರಿಗಿಂತ ಎತ್ತರದ ಇಳಿಜಾರಿನಲ್ಲಿ ನಿಲ್ಲಿಸಿ ಚಾಲಕ ಮಲಗಲು ಹೋದರು. ರೈಲಿನಲ್ಲಿದ್ದದ್ದು ಅವರೊಬ್ಬರೇ. ಆಮೇಲೆ ಎಂಜಿನ್‌ಗೆ ಬೆಂಕಿ ಹತ್ತಿತು, ಆರಿಸಲು ಬಂದವರು ಎಂಜಿನ್ನನ್ನೂ ಬಂದ್ ಮಾಡಿದರು, ಅದು ನಿಂತರೆ ಏರ್ ಬ್ರೇಕಿನ ಗಾಳಿ ಮೆಲ್ಲಗೆ ಸೋರಿಹೋಗುತ್ತದೆ, ಹಾಕಿದ್ದ ಕೈಬ್ರೇಕುಗಳು ಸಾಲಲಿಲ್ಲ. ರೈಲು ತಾನಾಗೇ ಉರುಳಿ, ಗಂಟೆಗೆ 100 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಪೇಟೆಯ ನಡುವೆ ಹಳಿ ತಪ್ಪಿತು. 47 ಜನ ಸತ್ತರು.

ಕಚ್ಚಾ ತೈಲ ಅಂದರೆ ಡಾಂಬರಿನ ಹಾಗೆ ಮಂದ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಆ ರೈಲಿನಲ್ಲಿದ್ದದ್ದು ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಬಾಕನ್ ಶಿಲಾಪದರದಿಂದ ತೆಗೆದ ತೈಲ; ಅದು ತೆಳು, ಪೆಟ್ರೋಲಿನಂತೆ ಹೊತ್ತಿಕೊಳ್ಳುತ್ತದೆ. ಟ್ಯಾಂಕರ್‌ಗಳೋ ಹಳೇ ಡಾಟ್-111 ಮಾದರಿಯವು, ಗುದ್ದಿದರೆ ಸೀಳುವಂಥವು.