ಟಿವಿ ದ್ವೀಪಗಳ ಫುಟ್‌ಬಾಲ್ ಗುಟ್ಟು

ಪ್ರಶ್ನೆ: ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಿವಿ ದ್ವೀಪಗಳಲ್ಲಿ ಇರುವುದೇ ಸುಮಾರು ಎರಡೂವರೆ ಸಾವಿರ ಜನ. ಅಲ್ಲಿಂದ ಇಷ್ಟೊಂದು ಫುಟ್‌ಬಾಲ್ ಆಟಗಾರರು ಹೇಗೆ ಬರುತ್ತಾರೆ? ಆಟ ಅವರ ರಕ್ತದಲ್ಲೇ ಇದೆ ಅಂತ ಓದಿದೆ. ನಿಜವಾ?

ಉತ್ತರ: ರಕ್ತದ ಮಾತು ನನಗೆ ಒಪ್ಪಿಗೆ ಇಲ್ಲ. ಹಾಗೆ ಅಂದುಬಿಟ್ಟರೆ ಅವರು ಪಟ್ಟ ಶ್ರಮಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ, ಅಲ್ವಾ? ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು: ಈ ಟಿವಿ ನಾವು ಮನೆಯಲ್ಲಿ ನೋಡುವ ಟಿವಿ ಅಲ್ಲ. ಅವರ ಭಾಷೆಯಲ್ಲಿ ಅದಕ್ಕೆ 'ಜನ' ಎಂಬ ಅರ್ಥ. ಆಸ್ಟ್ರೇಲಿಯಾದ ಉತ್ತರ ತೀರದ ಡಾರ್ವಿನ್ ನಗರದಿಂದ ಸುಮಾರು 80 ಕಿ.ಮೀ. ಉತ್ತರಕ್ಕೆ ಬ್ಯಾಥರ್ಸ್ಟ್, ಮೆಲ್ವಿಲ್ ಎಂಬ ಎರಡು ದ್ವೀಪಗಳಿವೆ. 1911ರಲ್ಲಿ ಅಲ್ಲಿಗೆ ಕ್ಯಾಥೊಲಿಕ್ ಮಿಷನ್ ಬಂತು. 1941ರಲ್ಲಿ ಜಾನ್ ಪೈ ಎಂಬ ಬ್ರದರ್, ಅಂದರೆ ಮಿಷನ್‌ನ ಸನ್ಯಾಸಿ, ಆಸ್ಟ್ರೇಲಿಯನ್ ರೂಲ್ಸ್ ಆಟ ತಂದರು. ನೀವು ಕೇಳಿದ ಫುಟ್‌ಬಾಲ್ ಇದೇ, ನಮಗೆ ಗೊತ್ತಿರುವ ಗುಂಡು ಚೆಂಡಿನ ಆಟ ಅಲ್ಲ. ಮೊಟ್ಟೆಯಾಕಾರದ ಚೆಂಡು, ಒಂದೊಂದು ತಂಡದಲ್ಲಿ 18 ಜನ, ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ. ಚೆಂಡು ತಂದವರು ಬ್ರದರ್. ಆದರೆ ಬರಿಗಾಲಲ್ಲಿ ಆಡಿ ಆಡಿ ಅದಕ್ಕೊಂದು ಬೇರೆಯದೇ ವೇಗ ಕೊಟ್ಟವರು ಟಿವಿ ಜನ.

ಡಾರ್ವಿನ್‌ಗೆ ಕೆಲಸಕ್ಕೆ ಹೋಗುತ್ತಿದ್ದ ಟಿವಿ ಗಂಡಸರಿಗೆ ಅಲ್ಲಿ ಆಡಲು ಒಂದು ತಂಡ ಬೇಕಿತ್ತು. ಹಾಗೆ 1952ರಲ್ಲಿ ಸೇಂಟ್ ಮೇರೀಸ್ ಕ್ಲಬ್ ಹುಟ್ಟಿತು. ಆಮೇಲೆ ಅದು ಡಾರ್ವಿನ್ ಲೀಗ್‌ನಲ್ಲಿ 30ಕ್ಕೂ ಹೆಚ್ಚು ಸಲ ಚಾಂಪಿಯನ್ ಆಯಿತು! ಅಲ್ಲಿಂದ 1961ರಲ್ಲಿ ಡೇವಿಡ್ ಕಾಂಟಿಲ್ಲಾ ದೂರದ ಅಡಿಲೇಡ್‌ಗೆ ಹೋದರು. ಸೌತ್ ಅಡಿಲೇಡ್ ಕ್ಲಬ್‌ನಲ್ಲಿ ಮೊದಲ ಎರಡು ವರ್ಷವೂ ಅವರೇ ಉತ್ತಮ ಆಟಗಾರ. 1963ರಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ಆ ತಂಡ ಮರುವರ್ಷ ಕಪ್ ಗೆದ್ದಾಗಲೂ ಅವರು ತಂಡದಲ್ಲಿದ್ದರು. ನನಗೆ ತುಂಬಾ ಇಷ್ಟದ ಆಟಗಾರ ಇವರು. ಮುಂದೆ ಹೋಗುವವರಿಗೆ ದಾರಿಯೇ ಇಲ್ಲದ ಕಾಲದಲ್ಲಿ ಹೋದವರು.

ದ್ವೀಪದವರದೇ ಆದ ಟಿವಿ ಐಲ್ಯಾಂಡ್ಸ್ ಫುಟ್‌ಬಾಲ್ ಲೀಗ್ ಶುರುವಾಗಿದ್ದು 1969ರಲ್ಲಿ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಇಮಾಲು, ಟುಯು, ಮುಲುವುರಿ, ರಂಕು, ಹೀಗೆ ಅಷ್ಟು ಕಡಿಮೆ ಜನರ ನಡುವೆ ಎಷ್ಟೊಂದು ತಂಡ! ಯಾವ ಹುಡುಗನಿಗೂ ಆಟ ಅನ್ನೋದು ಬೇರೆಲ್ಲೋ ನಡೆಯುವ ಸಂಗತಿ ಅಲ್ಲ. ಅವನ ಅಣ್ಣನೋ ಮಾವನೋ ಮೈದಾನದಲ್ಲಿ ಇದ್ದೇ ಇರುತ್ತಾರೆ.

ಮಗಳು ಡಾರ್ವಿನ್‌ನಲ್ಲಿ ಕೆಲಸದಲ್ಲಿದ್ದಾಗ ನಾನೂ ಒಂದು ಫೈನಲ್ ನೋಡಿದೆ. ಫೆರಿಯಲ್ಲಿ ಎರಡೂವರೆ ಗಂಟೆ ಕೂತು ಬ್ಯಾಥರ್ಸ್ಟ್ ದ್ವೀಪದ ವುರ್ರುಮಿಯಾಂಗಾ ಊರು ತಲುಪಿದೆವು. ಒಂದು ಕಡೆ ಚಿತ್ರ, ಕೆತ್ತನೆಗಳ ಮಾರಾಟ. ಇನ್ನೊಂದು ಕಡೆ ಬೇಲಿ ಸುತ್ತ ಇಡೀ ಊರು. ಆಟದ ಮಧ್ಯೆ ವಿರಾಮ ಬಂದಿದ್ದೇ ತಡ, ಮಕ್ಕಳೆಲ್ಲ ಚೆಂಡು ಹಿಡಿದು ಒಳಗೆ ನುಗ್ಗಿದರು. ಆರು ವರ್ಷದ ಒಬ್ಬ ಹುಡುಗಿ ನೀರು ನಿಂತ ಹುಲ್ಲಿನ ಮೇಲೆ, ಬರಿಗಾಲಲ್ಲಿ, ಜಾರುವ ಚೆಂಡನ್ನು ಒಂದೇ ಕೈಲಿ ಎತ್ತಿ ಓಡಿದಳು. ನಾನು ಆಟಗಾರರನ್ನು ಮರೆತು ಅವಳನ್ನೇ ನೋಡುತ್ತಿದ್ದೆ. ಇಂಥ ಸಾವಿರ ಸಂಜೆ ಆಡಿದವಳಿಗೆ ದೊಡ್ಡ ಮೈದಾನದಲ್ಲಿ ಚೆಂಡು ಕೈಗಂಟಿದರೆ ಅದರಲ್ಲಿ ಮಾಯೆ ಏನಿದೆ?

ಟಿವಿ ಜನರ ರಿಯೋಲಿ ಮನೆತನದ ಹೆಸರು ಕೇಳಿರಬಹುದು. ಈ ಆಟದ ಅತಿ ದೊಡ್ಡ ಲೀಗ್ ಮೆಲ್ಬರ್ನ್‌ನದು. ಅದರ 1982ರ ಮಹಾ ಫೈನಲ್‌ನಲ್ಲಿ ರಿಚ್‌ಮಂಡ್ ತಂಡ ಸೋತಿತು. ಆದರೂ ಪಂದ್ಯದ ಉತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಅದೇ ತಂಡದ ಮಾರಿಸ್ ರಿಯೋಲಿಗೆ ಸಿಕ್ಕಿತು. ಸೋತ ತಂಡದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. 1993ರಲ್ಲಿ ಮೈಕಲ್ ಲಾಂಗ್, 2015ರಲ್ಲಿ ಸಿರಿಲ್ ರಿಯೋಲಿ ಅದೇ ಪದಕ ಪಡೆದರು. ಸಿರಿಲ್‌ಗೆ ಮಾರಿಸ್ ಚಿಕ್ಕಪ್ಪ-ದೊಡ್ಡಪ್ಪನ ಸಾಲಿನವರು, ಲಾಂಗ್ ಸೋದರಮಾವ. ರಕ್ತ ಅನ್ನುವವರು ಇದನ್ನೇ ತೋರಿಸುತ್ತಾರೆ. ನನಗೆ ಕಾಣುವುದು ಮನೆಯಲ್ಲೇ ಗುರುಗಳಿದ್ದ ಒಬ್ಬ ಹುಡುಗ.

ಪ್ರಶ್ನೆ: ಮೆಲ್ಬರ್ನ್‌ನ ಮಹಾ ಫೈನಲ್ ಸೆಪ್ಟೆಂಬರ್‌ನಲ್ಲಿ. ಇವರದು ಮಾತ್ರ ಮಾರ್ಚ್‌ನಲ್ಲಿ ಯಾಕೆ?

ಉತ್ತರ: ಮಳೆ ಕಾರಣ. ಅಲ್ಲಿ ಒಣಗಾಲದಲ್ಲಿ ನೆಲ ಕಲ್ಲಿನಷ್ಟು ಗಟ್ಟಿ. ಬಿದ್ದರೆ ಮೊಣಕಾಲು ಸಿಪ್ಪೆ ಏಳುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಳೆಗೆ ನೆಲ ಮೆತ್ತಗಾಗುತ್ತದೆ, ಆಗಲೇ ಲೀಗ್. ಫೈನಲ್‌ಗೆ ಹೋಗುವ ಮನಸ್ಸಿದ್ದರೆ ಫೆರಿ ಟಿಕೆಟ್ ಮೊದಲೇ ತೆಗೆದಿಡಿ. ಬದಲಿ ಬಟ್ಟೆಯೂ ಇರಲಿ, ನಾನು ಪೂರ್ತಿ ನೆಂದು ವಾಪಸ್ ಬಂದಿದ್ದೆ.