‘ಅವ್ವ ಮನ್ಯಾಗೇ ಇರ್ತಾಳ’ ಎಂದು ಬರೆದವನಿಗೆ

(ಸೊಲ್ಲಾಪುರದ ಜೋಡಭಾವಿ ಪೇಟೆಯ ಓದುಗರೊಬ್ಬರು ಪುಣೆಯಿಂದ ಬರೆದಿದ್ದಾರೆ. ಬಿ.ಕಾಂ. ಆಗಿದೆ, ಅಲ್ಲಿ ಗೋದಾಮೊಂದರಲ್ಲಿ ಕೆಲಸ. ನಮ್ಮ ಹಿಂದಿನ ಸಂಚಿಕೆಯ ಸೊಲ್ಲಾಪುರಿ ಚಾದರದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಊರು ಕೆಟ್ಟದ್ದು ಜನರ ಆಲಸ್ಯದಿಂದ, ತಾವು ಕೆಟ್ಟದ್ದು ಕನ್ನಡ ಶಾಲೆಯಿಂದ ಎನ್ನುತ್ತಾರೆ. ಊರ ಹೊರಗೆ ಕುಂಭಾರಿಯ ಹೊಸ ವಸಾಹತಿನಲ್ಲಿ ಮನೆ ಮಂಜೂರಾಗಿದ್ದು, ಅಪ್ಪ ಹೋಗೋಣ ಅಂದರೆ ಅವ್ವ ಒಲ್ಲೆ ಅನ್ನುತ್ತಾಳೆ, ಬುದ್ಧಿ ಹೇಳಿರಿ ಎಂದು ಕೇಳಿದ್ದಾರೆ. ಹೆಸರು ಬೇಡ ಎಂದಿದ್ದಾರೆ.)

ಕಾಕಾ ಅಂತ ಕರೆದು ಕಾಗದ ಸುರು ಮಾಡಿದ್ದೀ, ಆಮೇಲೆ ಎರಡು ಪುಟ ಬೈದಿದ್ದೀ. ಎರಡನ್ನೂ ಸಲಿಗೆಯಿಂದಲೇ ಮಾಡಿದ್ದೀ ಅಂದುಕೊಂಡು ನಾನೂ ಬಹುವಚನ ಬಿಟ್ಟು ಬರೆಯುತ್ತೇನೆ, ತಮ್ಮಾ.

ಚಾದರದ ವಿಷಯದಲ್ಲಿ ನೀನು ಬೈದದ್ದು ಸರಿ. ಆ ಲೇಖನದಲ್ಲಿ ಜಕಾರ್ಡ್ ಮಗ್ಗದ ಬಣ್ಣನೆ ಇತ್ತು, ಭೌಗೋಳಿಕ ಗುರುತು (ಜಿಐ) ಸಿಕ್ಕ ಹೆಮ್ಮೆ ಇತ್ತು, ಮದುವೆಯಲ್ಲಿ ಬೀಗರಿಗೆ ಚಾದರ ಹೊದಿಸುವ ಪದ್ಧತಿಯೂ ಇತ್ತು. ಅದನ್ನು ನೇಯುವವನ ಕೈಗೆ ವಾರಕ್ಕೆ ಎಷ್ಟು ಬೀಳುತ್ತದೆ ಅನ್ನುವ ಒಂದು ಸಾಲು ಇರಲಿಲ್ಲ. ಲೇಖನ ತಿದ್ದಿದವನು ನಾನೇ. ನನ್ನ ಅಪ್ಪ ಗಿರಣಿಯಲ್ಲಿ ಸಾಂಚಾ (ಮಗ್ಗ) ನಡೆಸಿದವನು. ಆದರೂ ಆ ಸಾಲು ಇಲ್ಲದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಊರು ಖಾಲಿಯಾಗುತ್ತಿದೆ ಅಂದದ್ದೂ ಸುಳ್ಳಲ್ಲ. 2001ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 8,72,478. ಹತ್ತು ವರ್ಷದ ನಂತರ 9,51,558. ನೂರಕ್ಕೆ ಒಂಬತ್ತು ಏರಿಕೆ. ಹುಟ್ಟಿದ ಮಕ್ಕಳೆಲ್ಲ ಇಲ್ಲೇ ಉಳಿದಿದ್ದರೆ ಇಷ್ಟು ಕಮ್ಮಿ ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಪುಣೆ 25 ಲಕ್ಷದಿಂದ 31 ಲಕ್ಷ ದಾಟಿತು. ಅದರಲ್ಲಿ ನಮ್ಮ ಓಣಿಯವರೂ ಇದ್ದಾರೆ. ಬ್ರಿಟಿಷರ ಕಾಲದಲ್ಲಿ, 1931ರ ಜನವರಿ 12ರಂದು ಗಲ್ಲಿಗೇರಿದ ಸೊಲ್ಲಾಪುರದ ನಾಲ್ವರ ನೆನಪಿಗೆ ಪುಣೆಯ ರೈಲಿಗೆ ಇಟ್ಟ ಹೆಸರು ಹುತಾತ್ಮ ಎಕ್ಸ್‌ಪ್ರೆಸ್. ಆ ನಾಲ್ವರಲ್ಲಿ ಮಲ್ಲಪ್ಪ ಧನಶೆಟ್ಟಿ ನಮ್ಮವ. ಊರಿಗಾಗಿ ಸತ್ತವರ ಹೆಸರಿನ ಗಾಡಿಯೇ ಬೆಳಿಗ್ಗೆ ಊರಿನ ಹುಡುಗರನ್ನು ಪುಣೆಗೆ ಹೊತ್ತುಕೊಂಡು ಹೋಗುತ್ತದೆ.

ಕನ್ನಡ ಶಾಲೆಯ ಮಾತಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಗೋದಾಮಿನಲ್ಲಿ ನಿನ್ನ ಮಗ್ಗುಲಿಗೆ ನಿಂತು ಪೆಟ್ಟಿಗೆ ಎತ್ತುವವನು ಮರಾಠಿ ಶಾಲೆಯಲ್ಲಿ ಕಲಿತವನು ಎಂದು ನೀನೇ ಬರೆದಿದ್ದೀ.

ನನ್ನನ್ನು ನಿಲ್ಲಿಸಿದ್ದು ಬೇರೆ ಸಾಲು. ಮನೆಯವರ ಪರಿಚಯ ಕೊಡುತ್ತ ಬರೆದಿದ್ದೀ: ಅಪ್ಪ ಪವರ್‌ಲೂಮಿಗೆ ಹೋಗುತ್ತಾನೆ, ತಂಗಿ ಕಾಲೇಜಿಗೆ ಹೋಗುತ್ತಾಳೆ, ‘ಅವ್ವ ಮನ್ಯಾಗೇ ಇರ್ತಾಳ’. ಪುಟ ತಿರುಗಿಸಿದರೆ, ಅವ್ವ ದಿನಕ್ಕೆ ಎಂಟುನೂರು, ಕೆಲವೊಮ್ಮೆ ಸಾವಿರ ಬೀಡಿ ಕಟ್ಟುತ್ತಾಳೆ ಅಂತಿದೆ. ಒಂದೇ ಕಾಗದ, ಒಂದೇ ಕೈಬರಹ. ಈ ಊರಿನ ಆಲಸ್ಯದ ಬಗ್ಗೆ ಬರೆದವನೂ ನೀನೇ.

ಸಾವಿರ ಬೀಡಿ ಅಂದರೇನು ಅನ್ನುವುದು ನಿನಗೆ ಗೊತ್ತು, ಆದರೆ ಪುಣೆಗೆ ಹೋದ ಮೇಲೆ ಮರೆತಿರಬಹುದು. ರಾತ್ರಿ ಎಲೆ ನೆನೆಹಾಕಬೇಕು, ಹಸಿ ತಟ್ಟಿನಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಿಂದ ಒಂದೊಂದನ್ನೇ ಕತ್ತರಿಸಬೇಕು. ಆಮೇಲೆ ಮೊರ ತೊಡೆಯ ಮೇಲೆ ಬರುತ್ತದೆ. ಚಿಟಿಕೆ ತಂಬಾಕು, ಸುರುಳಿ, ಉಗುರಿನಿಂದ ಬಾಯಿ ಮಡಚಿ, ನೂಲು ಎರಡು ಸುತ್ತು. ನಿಮಿಷಕ್ಕೆ ಎರಡು ಕಟ್ಟಿದರೂ ಸಾವಿರಕ್ಕೆ ಎಂಟು ತಾಸಿನ ಮೇಲಾಯಿತು. ಇದರಲ್ಲಿ ಎಲೆ ಕತ್ತರಿಸುವುದು ಸೇರಿಲ್ಲ, ಅಡುಗೆ ಸೇರಿಲ್ಲ, ಕಾರಖಾನೆಗೆ ಹೋಗಿ ಸಾಲಿನಲ್ಲಿ ನಿಂತು ಮಾಲು ಕೊಡುವುದು ಸೇರಿಲ್ಲ. ಅಲ್ಲಿ ತಪಾಸಣೆಯವನು ಕಟ್ಟು ಬಿಚ್ಚಿ, ಇದು ಸಡಿಲ, ಇದರ ಮೂತಿ ಸರಿಯಿಲ್ಲ ಅಂತ ಬದಿಗೆ ಹಾಕುತ್ತಾನೆ. 1966ರ ಬೀಡಿ ಕಾರ್ಮಿಕರ ಕಾಯ್ದೆಯ ಕೆಳಗೆ ಹೀಗೆ ಬದಿಗೆ ಹಾಕುವುದಕ್ಕೆ ನೂರಕ್ಕೆ ಐದರ ಮಿತಿ ಹಾಕಿದ್ದರು. ಸಾಲಿನಲ್ಲಿ ನಿಂತವರು ಯಾರಾದರೂ ಆ ಮಿತಿ ಎತ್ತಿ ಜಗಳಾಡಿದ್ದನ್ನು ನಾನು ನೋಡಿಲ್ಲ. ನಾಳೆ ಎಲೆ ಕೊಡುವವನೂ ಅವನೇ ತಾನೆ?

ನೀನು ಶಾಲೆಯಲ್ಲಿದ್ದಾಗ ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನ ಬಂತು, ಅದರಿಂದ ಸೈಕಲ್ ಕೊಂಡೆ ಎಂದು ಬರೆದಿದ್ದೀಯಲ್ಲ, ಆ ದುಡ್ಡಿನ ಮೂಲ ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು ಹಾಕಿದ 1976ರ ಸೆಸ್. ಸಾವಿರ ಬೀಡಿಗೆ ಇಷ್ಟು ಎಂದು ವಸೂಲಿ ಆಗುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂತು, ಸೆಸ್ ಹೋಯಿತು. ಬೀಡಿಗೆ ಆಗ ಬಿದ್ದದ್ದು 28 ಪರ್ಸೆಂಟ್.

ನಾನು ಸಣ್ಣವನಿದ್ದಾಗ ಊರು ಎದ್ದೇಳುತ್ತಿದ್ದದ್ದು ಗಿರಣಿಯ ಭೋಂಗಾ ಕೂಗಿನಿಂದ. ಭೋಂಗಾ ಕೂಗಿತೆಂದರೆ ಅಪ್ಪ ಡಬ್ಬಿ ಹಿಡಿದು ಹೊರಡುತ್ತಿದ್ದ, ಮತ್ತೆ ಕೂಗಿತೆಂದರೆ ಬರುತ್ತಿದ್ದ. ಅವನದು ಕೆಲಸ ಅನ್ನುವುದು ಊರಿಗೆಲ್ಲ ಕೇಳಿಸುತ್ತಿತ್ತು. ಜುನಿ (ಹಳೇ) ಗಿರಣಿ ನಿಂತದ್ದು ನನ್ನ ನೆನಪಿಗಿಂತ ಹಿಂದೆ, ಉಳಿದವು ಒಂದೊಂದಾಗಿ ನಿಂತದ್ದು ನನ್ನ ಕಣ್ಣೆದುರಿಗೆ. ಅಪ್ಪನ ಗಿರಣಿಗೆ ಬೀಗ ಬಿದ್ದಾಗ ಬರಬೇಕಿದ್ದ ಬಾಕಿ ಕಂತು ಕಂತಾಗಿ, ವರ್ಷಗಟ್ಟಲೆ ತಡವಾಗಿ ಬಂತು. ಆ ಅಷ್ಟೂ ವರ್ಷ ಮನೆ ನಡೆಸಿದ್ದು ಅವ್ವನ ಮೊರ. ಅದಕ್ಕೆ ಭೋಂಗಾ ಇರಲಿಲ್ಲ. ಯಾರಾದರೂ ಕೇಳಿದರೆ ನಾನೂ ಹೇಳುತ್ತಿದ್ದೆ, ಅವ್ವ ಮನ್ಯಾಗೇ ಇರ್ತಾಳ ಅಂತ. ಅದಕ್ಕೇ ನಿನ್ನ ಸಾಲು ನನಗೆ ಚುಚ್ಚಿತು.

ಈಗ ಮನೆಯ ವಿಷಯ. ಕುಂಭಾರಿಯ ವಸಾಹತು ಅಂದರೆ ಸಣ್ಣ ಸಾಧನೆಯಲ್ಲ. ಮೊದಲು ಕಮ್ಯುನಿಸ್ಟ್ ನಾಯಕಿ ಗೋದೂತಾಯಿ ಪರುಳೇಕರ ಹೆಸರಿನ ವಸಾಹತಿನಲ್ಲಿ ಬೀಡಿ ಹೆಣ್ಣುಮಕ್ಕಳಿಗೆ ಹತ್ತು ಸಾವಿರ ಮನೆ. ಆಮೇಲೆ ರೇ ನಗರ, ಮೂವತ್ತು ಸಾವಿರದ ಯೋಜನೆ. ಅದರಲ್ಲಿ 15,000 ಮನೆಯ ಕೀಲಿ 2024ರ ಜನವರಿ 19ರಂದು ಪ್ರಧಾನಿ ಕೊಟ್ಟರು. ಈ ಮನೆಗಳಿಗಾಗಿ ಹಠ ಹಿಡಿದವರು ಸಿಪಿಎಂನ ಮಾಜಿ ಶಾಸಕ ನರಸಯ್ಯ ಆಡಂ. ಅವರ ಪಕ್ಷ ಒಪ್ಪದವರೂ ಈ ಹಠಕ್ಕೆ ತಲೆಬಾಗುತ್ತಾರೆ. ಬಾಡಿಗೆಯ ತಗಡಿನ ಖೋಲಿಯಿಂದ ಸ್ವಂತ ಸಿಮೆಂಟಿನ ಮನೆಗೆ ಹೋಗುವುದನ್ನು ಬೇಡ ಅನ್ನಲು ನಾನು ಯಾರು?

ಆದರೆ ನಿನ್ನ ಅವ್ವನ ಲೆಕ್ಕ ಬೇರೆ ಇದೆ, ಅದು ಹಠವಲ್ಲ. ಈಗ ಕಾರಖಾನೆ ಆಕೆಗೆ ನಡೆದು ಹೋಗುವಷ್ಟು ಹತ್ತಿರ. ಕುಂಭಾರಿಯಿಂದ ಸುಮಾರು ಹತ್ತು ಹನ್ನೆರಡು ಕಿಲೋಮೀಟರು. ಹೋಗಿಬರುವ ರಿಕ್ಷಾ ಬಾಡಿಗೆಯನ್ನು ಬೀಡಿಯಲ್ಲಿ ಎಣಿಸಿ ನೋಡು, ಎಷ್ಟು ನೂರು ಬೀಡಿ ದಾರಿಗೇ ಹೋಗುತ್ತವೆ? ಓಣಿಯಲ್ಲಾದರೆ ಒಬ್ಬರ ಮಾಲನ್ನು ಇನ್ನೊಬ್ಬರು ಒಯ್ದು ಕೊಡುತ್ತಾರೆ, ಕಮ್ಮಿ ಬಿದ್ದ ಎಲೆಯನ್ನು ಎದುರುಮನೆಯ ತೆಲುಗಿನ ಅಕ್ಕ ಕಡ ಕೊಡುತ್ತಾಳೆ. ಆ ಅಕ್ಕನ ಹೆಸರಿಗೆ ಕುಂಭಾರಿಯಲ್ಲಿ ಯಾವ ಗಲ್ಲಿಯ ಎಷ್ಟನೇ ನಂಬರು ಬಂದಿದೆಯೋ.

ನೀರು ಬರುವ ದಿನ ನಿಮ್ಮಲ್ಲಿ ಏನಾಗುತ್ತದೆ ಅನ್ನುವುದನ್ನೂ ನೆನಪಿಸಿಕೋ. ಉಜನಿ ಆಣೆಕಟ್ಟಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಪೈಪಿನಲ್ಲಿ ಬರುವ ನೀರು, ವರ್ಷಗಳಿಂದ ಮೂರು ನಾಲ್ಕು ದಿನಕ್ಕೊಮ್ಮೆ, ಕೆಲವೊಮ್ಮೆ ಐದಕ್ಕೆ. ನಳ ಬಂದ ದಿನ ಬ್ಯಾರಲ್, ಕೊಡ, ಬಕೆಟ್ಟು ತುಂಬಿಸುವುದರಲ್ಲೇ ಮಧ್ಯಾಹ್ನವಾಗುತ್ತದೆ. ಅವತ್ತು ಬೀಡಿ ಅರ್ಧಕ್ಕರ್ಧ. ಮಹಾನಗರಪಾಲಿಕೆಯ ಕಡತದಲ್ಲಿ ಅದು ನೀರಿನ ಸಮಸ್ಯೆ ಅಷ್ಟೇ. ಅವ್ವನ ಪುಸ್ತಕದಲ್ಲಿ ಅದು ಅರ್ಧ ದಿನದ ಮಜೂರಿ. 2016ರಲ್ಲಿ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮ ಹೆಸರು ಬಂದಾಗ ಪೇಡೆ ಹಂಚಿದವರಲ್ಲಿ ನಾನೂ ಇದ್ದೆ. (2023ರಲ್ಲಿ ವಿಮಾನಕ್ಕೆ ಅಡ್ಡ ಅಂತ ಸಿದ್ಧೇಶ್ವರ ಸಕ್ಕರೆ ಕಾರಖಾನೆಯ ಚಿಮಣಿ ಕೆಡವಿದರು, 2025ರಲ್ಲಿ ಗೋವೆಗೆ ವಿಮಾನ ಸುರುವಾಯಿತು. ನಮ್ಮ ಓಣಿಯಿಂದ ಯಾರು ಹತ್ತಿದರು ಅಂತ ಇನ್ನೂ ಕೇಳಿಲ್ಲ.)

ಈ ಊರಿನಲ್ಲಿ ಮನೆಯೇ ಕಾರಖಾನೆ. 2025ರ ಮೇ ತಿಂಗಳಲ್ಲಿ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ಕಾರಖಾನೆಗೆ ಬೆಂಕಿ ಬಿದ್ದು ಎಂಟು ಜನ ಸತ್ತಾಗ, ಮಾಲಕನ ಮನೆಮಂದಿ, ಕೆಲಸದವರು ಎಲ್ಲ ಅಲ್ಲೇ ಮಲಗಿದ್ದವರು. ಮಾಲಕನಾದರೂ ಅಷ್ಟೇ, ಬೀಡಿಯವಳಾದರೂ ಅಷ್ಟೇ, ನಾವು ಕೆಲಸದ ಮಗ್ಗುಲಲ್ಲೇ ಹಾಸಿಗೆ ಹಾಸಿದವರು. ಹೀಗಿರುವಾಗ ಮನೆಯನ್ನಷ್ಟೇ ಎತ್ತಿ ಹತ್ತು ಕಿಲೋಮೀಟರು ಆಚೆ ಇಟ್ಟರೆ ಕೆಲಸ ತಾನಾಗಿ ಹಿಂದೆ ಬರುವುದಿಲ್ಲ.

ಅವ್ವನಿಗೆ ಬುದ್ಧಿ ಹೇಳಿರಿ ಅಂದಿದ್ದೀ. ಹೇಳಲಾರೆ. ಮನೆ ಬಿಟ್ಟುಕೊಡಬೇಡಿ ಅಂತಷ್ಟೇ ಅನ್ನುತ್ತೇನೆ. ಆಕೆ ಮಾಲು ಕೊಡುವ ಕಾರಖಾನೆ ಕುಂಭಾರಿಯಲ್ಲಿ ಶಾಖೆ ತೆರೆಯುತ್ತದೋ ಇಲ್ಲವೋ, ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ, ನಳ ಎಷ್ಟು ದಿನಕ್ಕೊಮ್ಮೆ, ಇವನ್ನು ಅಪ್ಪ ಒಂದು ದಿನ ರಜೆ ಹಾಕಿ ಅಲ್ಲೇ ಹೋಗಿ ಕೇಳಿಕೊಂಡು ಬರಲಿ. ಹೋಗುವಾಗ ಅವ್ವನನ್ನೂ ಕರೆದೊಯ್ಯಲಿ.

ನೀನು ಮುಂದಿನ ಸಲ ಊರಿಗೆ ಬಂದಾಗ ಮಾಡಬೇಕಾದ ಕೆಲಸ ಒಂದಿದೆ. ಅವ್ವನ ಪಿಎಫ್ ಕಾಗದ ತೆಗೆಸು. ಹತ್ತು ವರ್ಷ ಕಂತು ಕಟ್ಟಿದ್ದರೆ 58ಕ್ಕೆ ಪಿಂಚಣಿ ಬರುತ್ತದೆ. ಕನಿಷ್ಠ ಒಂದು ಸಾವಿರ, 2014ರಿಂದ ಅಷ್ಟರಲ್ಲೇ ನಿಂತಿದೆ, ಅದಿರಲಿ. ತೊಡಕಿರುವುದು ಹೆಸರಿನಲ್ಲಿ. ಕಾರಖಾನೆಯ ಮುನ್ಷಿ ಮರಾಠಿಯಲ್ಲಿ ಮಾದೇವಿ ಅಂತ ಬರೆದಿರುತ್ತಾನೆ, ಆಧಾರದಲ್ಲಿ ಮಹಾದೇವಿ ಅಂತಿರುತ್ತದೆ, ಕೆಲಸಕ್ಕೆ ಸೇರಿದ್ದು ಮದುವೆಗೆ ಮೊದಲಾದರೆ ಹೆಸರಿನ ಮುಂದೆ ತಂದೆಯ ಹೆಸರಿರುತ್ತದೆ. ಇಷ್ಟಕ್ಕೇ ಅರ್ಜಿ ತಿರುಗಿ ಬಂದು, ಆರು ತಿಂಗಳು ಅಲೆದ ಮೂವರನ್ನು ನಾನೇ ಬಲ್ಲೆ. ನೀನು ಬಿ.ಕಾಂ. ಓದಿದವನು, ಈ ಅಕ್ಷರ ತಿದ್ದಿಸುವುದು ನಿನ್ನ ಕೈಲಾಗುತ್ತದೆ.

ಊರಿಗೆ ವಾಪಸ್ ಬರಲೋ ಬೇಡವೋ ಅಂತ ಕೊನೆಗೆ ಕೇಳಿದ್ದೀ. ಈಗ ಬಾ ಅನ್ನಲು ನನ್ನ ಬಳಿ ಕೆಲಸವಿಲ್ಲ. ಮುಂದಿನ ಕಾಗದದಲ್ಲಿ ಮನೆಯವರ ಪರಿಚಯವನ್ನು ಇನ್ನೊಮ್ಮೆ ಬರೆದು ಕಳಿಸು. ಅವ್ವ ಎಷ್ಟಕ್ಕೆ ಏಳುತ್ತಾಳೆ, ಮೊರ ಎಷ್ಟಕ್ಕೆ ಕೆಳಗಿಡುತ್ತಾಳೆ ಅನ್ನುವುದು ಅದರಲ್ಲಿರಲಿ. ಚಾದರದ ಲೇಖನ ಹಾಕಿದ ಪುಟದಲ್ಲೇ ಅದನ್ನು ಹಾಕುತ್ತೇನೆ.

— ಸಂಪಾದಕ