ಸ್ವಾತಂತ್ರ್ಯ ಬಂದ ಮೇಲೂ ಉಡುಪಿ, ಮಂಗಳೂರು ಕಡೆಯ ರೈತರ ಬಡತನ ಯಾಕೆ ಬೇಗ ಹೋಗಲಿಲ್ಲ?

ಬ್ರಿಟಿಷರು ಹೋದರು, ಭೂಮಿ ಮಾತ್ರ ಯಾರ ಕೈಯಲ್ಲಿತ್ತೋ ಅಲ್ಲೇ ಉಳಿಯಿತು. ಮುಖ್ಯ ಕಾರಣ ಇದೇ ಅಂತ ನನಗನ್ನಿಸುತ್ತದೆ.

ನಮ್ಮ ಕಡೆ ಗದ್ದೆ ಮಾಡುತ್ತಿದ್ದವರಲ್ಲಿ ತುಂಬಾ ಜನ ಒಕ್ಕಲುಗಳು, ಅಂದರೆ ಧಣಿಯ ಭೂಮಿಯನ್ನು ಗೇಣಿಗೆ (ಬಾಡಿಗೆಗೆ) ಮಾಡುವವರು. ಮೂಲಗೇಣಿಯವರನ್ನು ಸುಲಭಕ್ಕೆ ಎಬ್ಬಿಸಲು ಆಗುತ್ತಿರಲಿಲ್ಲ, ಅವರ ಗೇಣಿ ಖಾಯಂ. ಚಾಲಗೇಣಿಯವರ ಪಾಡು ಬೇರೆ. ಧಣಿ ಗೇಣಿ ಏರಿಸಬಹುದು, ಬೇಡ ಅಂದರೆ ಬಿಡಿಸಬಹುದು. ಮಳೆ ಕೈಕೊಟ್ಟರೂ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಧಣಿಯ ಮನೆಗೆ ಹೊತ್ತು ಹಾಕಬೇಕು, ಮಕ್ಕಳ ಗಂಜಿಗೆ ಎಷ್ಟು ಉಳಿಯಿತು ಅಂತ ಆಮೇಲೆ ನೋಡುವುದು. ಬರುವ ವರ್ಷ ಗದ್ದೆ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಬಾವಿ ತೋಡುತ್ತಾನಾ, ತೆಂಗು ಅಡಿಕೆ ನೆಡುತ್ತಾನಾ? ಇಲ್ಲ ಅಲ್ವಾ.

ಭೂಸುಧಾರಣಾ ಕಾಯ್ದೆ ಪಾಸಾದದ್ದು 1961ರಲ್ಲಿ, ಆದರೆ ಅದರಲ್ಲಿ ನುಸುಳಿಕೊಳ್ಳಲು ಸಂದುಗಳು ಜಾಸ್ತಿ ಇದ್ದವು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಆಗ ಲೆಕ್ಕ ಬದಲಾಯಿತು. ಒಕ್ಕಲು ಡಿಕ್ಲರೇಶನ್, ಅಂದರೆ ಭೂಮಿ ತನಗೆ ಬೇಕು ಅಂತ ಅರ್ಜಿ, ಕೊಟ್ಟು (ಇಲ್ಲಿನ ಹಿರಿಯರ ಬಾಯಲ್ಲಿ ಈಗಲೂ ಡಿಕ್ಲರೇಶನ್ ಅನ್ನುವುದೇ ಪದ), ತಾಲೂಕಿನ ಭೂನ್ಯಾಯ ಮಂಡಳಿಯ ಮುಂದೆ ತಾನೇ ಗೇಣಿ ಮಾಡುತ್ತಿದ್ದೆ ಅಂತ ಸಾಬೀತು ಮಾಡಿದರೆ ಭೂಮಿ ಅವನದಾಗುತ್ತಿತ್ತು. ಗಂಡ ತೀರಿಹೋಗಿ ಒಕ್ಕಲು ಕೊಡುವ ನಾಲ್ಕು ಮುಡಿ ಗೇಣಿಯಲ್ಲೇ ಬದುಕುತ್ತಿದ್ದ ಹೆಂಗಸರೂ ಭೂಮಿ ಕಳಕೊಂಡರು, ಅದೂ ನಿಜವೇ.

ನನಗೆ ಜಾಸ್ತಿ ನೋವಾಗುವುದು ಇನ್ನೊಂದು ವಿಷಯಕ್ಕೆ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಬುಟ್ಟಿ ಹೆಣೆದು ಬದುಕುತ್ತಿದ್ದ ಕೊರಗ ಬುಡಕಟ್ಟಿನವರಿಗೆ, ಡಿಕ್ಲರೇಶನ್ ಕೊಡಲು ಹೆಸರಿಗೆ ಒಂದು ತುಂಡು ಗದ್ದೆಯೂ ಇರಲಿಲ್ಲ.